ಬಾಗಿಲ ಮುಂದೆ ಎರಡೆಳೆ

ನಿವೃತ್ತನಾದ ಮೇಲೆ ನನಗೆ ಗೊತ್ತಾದ ಮೊದಲ ಸಂಗತಿಯೆಂದರೆ, ಹಗಲು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ನನಗೆ ಕೂರಲು ಜಾಗವಿಲ್ಲ ಎಂಬುದು. ಅಷ್ಟು ವರ್ಷ ಬೆಳಿಗ್ಗೆ ಹೊರಟು ಸಂಜೆ ಮರಳುತ್ತಿದ್ದವನಿಗೆ, ಆ ನಡುವಿನ ಹೊತ್ತು ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದೇ ತಿಳಿದಿರಲಿಲ್ಲ. ಸೋಫಾದ ಮೇಲೆ ಕೂತರೆ ಅಲ್ಲಿ ಗುಡಿಸಬೇಕು. ಊಟದ ಮೇಜಿನ ಹತ್ತಿರ ಕೂತರೆ ಅಲ್ಲಿ ಸೊಪ್ಪು ಬಿಡಿಸಬೇಕು. ಹೊರಗಿನ ಕುರ್ಚಿಗೆ ಹೋದರೆ ಅದರ ಮೇಲೆ ದಿಂಬುಗಳು ಬಿಸಿಲು ಕಾಯುತ್ತಿರುತ್ತವೆ. "ಸ್ವಲ್ಪ ಏಳ್ತೀರಾ" ಎಂಬ ಮಾತನ್ನು ಕಚೇರಿಯಲ್ಲಿ ಯಾವ ಮೇಲಧಿಕಾರಿಯೂ ನನಗೆ ಅಷ್ಟು ಸಲ ಹೇಳಿರಲಿಲ್ಲ.

ನನ್ನದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ರಸ್ತೆ, ಚರಂಡಿ, ಸಣ್ಣಪುಟ್ಟ ಸೇತುವೆ. ಗೆರೆ ಎಳೆಯುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ನಾಲ್ಕು ಜನ ಹೇಳಿದ್ದರಿಂದ, ಗೆರೆಯ ವಿಷಯದಲ್ಲಿ ನನಗೊಂದಿಷ್ಟು ಜಂಬವೂ ಇದೆ. ಮನೆ ಚಂದ್ರಾ ಲೇಔಟಿನಲ್ಲಿ, ಮೇಲೆ ಮಹಡಿಯಿಲ್ಲದ, ಮುಂದೆ ಒಂದು ದಾಸವಾಳದ ಗಿಡವಿರುವ ಮನೆ. ಇರುವವರು ನಾನು, ನನ್ನ ಹೆಂಡತಿ ಇಬ್ಬರೇ. ಮಗಳು ಗಂಡನ ಜೊತೆ ಮೈಸೂರಿನಲ್ಲಿದ್ದಾಳೆ. ಭಾನುವಾರ ಫೋನ್ ಮಾಡಿ ನನ್ನ ಸಕ್ಕರೆ ಎಷ್ಟಿದೆ ಎಂದು ಅವಳಮ್ಮನನ್ನು ಕೇಳುತ್ತಾಳೆ.

ಹೆಂಡತಿ ಶಾಲೆಯಲ್ಲಿ ಟೀಚರಾಗಿದ್ದವಳು. ನನಗಿಂತ ಮೊದಲೇ ನಿವೃತ್ತಳಾದಳು. ನಾನು ಪಾರ್ಕಿನ ಬೆಂಚಿನ ಮೇಲೆ ಕೂತು, ಮುಂದೇನು ಮಾಡುವುದು ಎಂದು ನನ್ನಂಥ ನಾಲ್ವರ ಜೊತೆ ಚರ್ಚಿಸುತ್ತಿದ್ದರೆ, ಅವಳು ಆಗಲೇ ಮಾಡತೊಡಗಿದ್ದಳು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಬೇಡ ಎಂದಾದ ಮೇಲಂತೂ ಅವಳನ್ನು ಹಿಡಿಯುವವರಿಲ್ಲ. ಬೀದಿಯ ಕೊನೆಯ ದೇವಸ್ಥಾನದ ಭಜನೆಯ ಗೆಳತಿಯರ ಜೊತೆ ಒಂದು ದಿನ ಕೆಂಗೇರಿಯಾಚೆ ಯಾವುದೋ ಗುಡಿ, ಇನ್ನೊಂದು ದಿನ ಮಲ್ಲೇಶ್ವರದಲ್ಲಿ ಸೀರೆ. ಅವಳ ಹಿಂದೆ ಚೀಲ ಹಿಡಿದು ಹತ್ತುವ ನಾನು ಮಾತ್ರ ಟಿಕೆಟ್ ತೆಗೆಸಬೇಕು. "ಯಾಕ್ರೀ ಸುಮ್ನೆ ಬರ್ತೀರ, ಮನೇಲಿರಿ" ಎನ್ನುತ್ತಾಳೆ. ಮನೆಯಲ್ಲಿ ಕೂರಲು ಜಾಗವಿಲ್ಲವೆಂಬುದನ್ನು ಅವಳಿಗೆ ನಾನು ಹೇಗೆ ಹೇಳಲಿ?

ಇಷ್ಟೆಲ್ಲ ತಿರುಗಿದರೂ ಅವಳಿಗೆ ದೂರದ ಪ್ರಯಾಣದ ಯೋಗ ಮಾತ್ರ ಇರಲಿಲ್ಲ. ಅವಳು ಹೊರಟ ದೂರದೂರುಗಳೆಲ್ಲ ಅರ್ಧದಾರಿಯಲ್ಲೇ ನಿಂತಿವೆ. ಶಾಲೆಯವರ ಜೊತೆ ಹಂಪಿಗೆ ಹೊರಟಾಗ ಚಿತ್ರದುರ್ಗ ತಲುಪುವಷ್ಟರಲ್ಲಿ ನನ್ನ ಅಮ್ಮ ಬಚ್ಚಲಲ್ಲಿ ಜಾರಿದ ಸುದ್ದಿ ಮುಟ್ಟಿತು. ಅಲ್ಲಿಂದಲೇ ಬಸ್ಸು ಬದಲಿಸಿ ಬಂದಳು. ತಂಗಿಯ ಜೊತೆ ಪಂಢರಾಪುರಕ್ಕೆ ಹೊರಟಾಗ ಹುಬ್ಬಳ್ಳಿಯಿಂದ ತಿರುಗಿದಳು. ಮಗಳಿಗೆ ಸೀತಾಳೆ ಸಿಡುಬು ಎದ್ದಿತ್ತು. ಒಂದು ಸಲವೂ ಅದರ ಬಗ್ಗೆ ಗೊಣಗಿದ್ದಿಲ್ಲ. ಆದರೆ ಹಂಪಿಯಲ್ಲಿ ತೆಗೆದ ಫೋಟೋಗಳನ್ನು ಗೆಳತಿಯರು ತೋರಿಸುವಾಗ ಅವಳು ಒಂದೊಂದನ್ನೂ ಹತ್ತಿರ ಹಿಡಿದು ನೋಡುತ್ತಿದ್ದುದು ನನಗೆ ನೆನಪಿದೆ.

ಹಾಗಾಗಿ ಭಜನೆಯವರೆಲ್ಲ ಸೇರಿ ಕಾಶಿಗೆ ಹೋಗುವುದು ಎಂದಾದಾಗ ನಾನೇ ಮುಂದೆ ನಿಂತು ಒಪ್ಪಿಸಿದೆ. ಕಾಶಿ, ಪ್ರಯಾಗ, ಗಯಾ. ರೈಲಿನಲ್ಲಿ ಹೋಗಿ ಬರಲು ಹತ್ತು ಹನ್ನೆರಡು ದಿನ. ಹೋಗುವುದು ಹೆಂಗಸರಷ್ಟೇ, ಗಂಡಸರನ್ನು ಸೇರಿಸಿಕೊಂಡರೆ ಕಾಫಿ ಕಾಫಿ ಎನ್ನುತ್ತಾರೆ ಎಂದು ಮೊದಲೇ ತೀರ್ಮಾನವಾಗಿತ್ತು. ಪೆಟ್ಟಿಗೆ ತುಂಬುವಾಗ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು:

"ನೋಡಿ, ಈ ಸಲ ಪ್ರಳಯ ಆದ್ರೂ ನಂಗೆ ಫೋನ್ ಮಾಡಿ ವಾಪಸ್ ಕರೆಸ್ಬೇಡಿ."

ಮಾಡುವುದಿಲ್ಲವೆಂದು ಮಾತು ಕೊಟ್ಟೆ. ಕೊಟ್ಟದ್ದು ಬಾಯಿಮಾತಲ್ಲ. ಈ ಸಲ ಅವಳ ಪ್ರಯಾಣ ಮನೆಯ ಕಾರಣಕ್ಕೆ ನಿಲ್ಲಬಾರದು ಎಂದು ಮನಸ್ಸಿನಲ್ಲಿ ಹಟವೇ ಹಿಡಿದಿದ್ದೆ. ಉಳಿದ ಸೂಚನೆಗಳಿಗೆಲ್ಲ ತಲೆಯಾಡಿಸಿದೆ. ಹಾಲಿನ ಚೀಲ ಗೇಟಿಗೆ ಸಿಕ್ಕಿಸುವುದು, ದಾಸವಾಳಕ್ಕೆ ನೀರು, ಗ್ಯಾಸು ಆರಿಸಿದ ಮೇಲೆ ಇನ್ನೊಮ್ಮೆ ನೋಡುವುದು. ಕೊನೆಗೆ ಬಂತು ರಂಗೋಲಿಯ ವಿಷಯ.

ಅಂಗಡಿಯಲ್ಲಿ ಸಿಗುವ ಸ್ಟಿಕರ್ ರಂಗೋಲಿ ಅಂಟಿಸಿಬಿಟ್ಟರಾಯಿತಲ್ಲ ಎಂದೆ. ಅವಳು ಸೀರೆ ಮಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದರೆ ತಾನೇ ಮನೆಯವರು ಎದ್ದಿದ್ದಾರೆ, ಚೆನ್ನಾಗಿದ್ದಾರೆ ಎಂದು ಬೀದಿಗೆ ಗೊತ್ತಾಗುವುದು, ಅಂಟಿಸಿದ್ದು ಅದೇನು ಹೇಳೀತು ಎಂದು ಕೇಳಿದಳು. ಆ ಮಾತು ಸರಿಯೇ. ನಮ್ಮಲ್ಲಿ ಬಾಗಿಲು ಬರಿದಾಗಿರುವುದು ಮನೆಯಲ್ಲಿ ಸಾವಾದ ದಿನ. ಇಲ್ಲವೇ ತಿಥಿಯ ದಿನ, ಅದೂ ಕರ್ಮ ಮುಗಿಯುವವರೆಗೆ. ಅಪ್ಪನ ತಿಥಿಯ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ರಂಗೋಲಿಯಿಲ್ಲದ್ದನ್ನು ನೋಡಿಯೇ ತರಕಾರಿ ಗಾಡಿಯವನು ಕೂಗದೆ ಮುಂದೆ ಹೋಗುತ್ತಾನೆ.

ಅಂತೂ ಒಪ್ಪಿದೆ. ಯಾರೂ ನೋಡದಂತೆ ತಾರಸಿಯ ಮೇಲೆ ನನಗೆ ಪಾಠವಾಯಿತು. ಐದು ಚುಕ್ಕಿಯ ಒಂದು ತಾವರೆ, ಅದರ ಎರಡೂ ಪಕ್ಕದಲ್ಲಿ ಎರಡೆರಡು ಎಳೆ. ಒಂಟಿ ಎಳೆ ಎಳೆಯಬಾರದು, ಅದು ಅಶುಭಕ್ಕೆ. ಚುಕ್ಕಿ ಇಡಲು ನಾನು ಅಳತೆಪಟ್ಟಿ ತಂದಾಗ ಟೀಚರಮ್ಮ ಅದನ್ನು ಕಿತ್ತುಕೊಂಡರು.

ಅವಳು ರೈಲು ಹತ್ತಿದ ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದೆ. ಪಾರ್ಕಿನ ಬೆಂಚಿನವರು ವಾಕಿಂಗ್ ಹೊರಡುವ ಮೊದಲೇ ಮುಗಿಸಬೇಕಲ್ಲ. ನೀರು ಹಾಕಿದೆ, ಗುಡಿಸಿದೆ, ಕುಕ್ಕರುಗಾಲಲ್ಲಿ ಕೂತೆ. ಕೂತದ್ದಷ್ಟೇ ಸುಲಭವಾಗಿ ಆದ ಕೆಲಸ. ಸೇತುವೆಗಳನ್ನು ಬರೆದ ಕೈಯಿಂದ ಪುಡಿ ಒಂದೇ ಸಮನೆ ಬೀಳಲೊಲ್ಲದು. ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಬರಿ ನೆಲ. ತಾವರೆಯ ಒಂದು ಎಸಳು ಚರಂಡಿಯ ಕಡೆಗೆ ಹೊರಟೇಬಿಟ್ಟಿತ್ತು. ಎದ್ದು ನಿಲ್ಲಲು ಗೇಟು ಹಿಡಿದುಕೊಂಡಾಗ ಎದುರುಮನೆಯಿಂದ ಮಾತು ಕೇಳಿಸಿತು.

"ಅದೇನಪ್ಪಾ ಅದು, ತಾವರೆನಾ, ಹೂಕೋಸಾ?"

ಎದುರುಮನೆಯ ಅಜ್ಜಿ ಈ ಜಾಗ ಲೇಔಟಾಗುವ ಮೊದಲು, ಇದು ಹೊಲವಾಗಿದ್ದಾಗಿನಿಂದ ಇಲ್ಲಿಯೇ ಇರುವವರು. ಆ ಹೊಲ ಅವರದೇ. ಈಗ ಮೂರು ಮನೆ ಬಾಡಿಗೆಗೆ ಕೊಟ್ಟು, ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೀದಿಯನ್ನು ನೋಡಿಕೊಳ್ಳುತ್ತಾರೆ. ಅವರ ಕಣ್ಣು ತಪ್ಪಿಸಿ ನಮ್ಮ ಬೀದಿಯಲ್ಲಿ ಬೆಕ್ಕು ಕೂಡ ಮರಿ ಹಾಕಲಾರದು. ನನ್ನ ಹೆಂಡತಿಯೆಂದರೆ ಅವರಿಗೆ ಪ್ರಾಣ. ಮೊಮ್ಮಗಳ ಫೋನಿನಲ್ಲಿ ಅವಳ ನಂಬರನ್ನು ಹಾಕಿಸಿಟ್ಟುಕೊಂಡಿದ್ದಾರೆ. ನನ್ನ ನಂಬರೂ ಇದೆ. ಅದನ್ನು ಯಾವತ್ತೂ ಬಳಸಿರಲಿಲ್ಲ ಅಷ್ಟೇ.

ನಾಚಿಕೆಯಾಯಿತು, ಸುಳ್ಳು ಹೇಳುವುದೇಕೆ. ಆದರೆ ದಿನ ಕಳೆದ ಹಾಗೆ ಕೈ ಪಳಗಿತು. ಪುಡಿಯನ್ನು ಹೆಬ್ಬೆರಳಿನಿಂದ ತಳ್ಳುವುದಲ್ಲ, ಜಾರಲು ಬಿಡುವುದು ಎಂಬುದು ಅರ್ಥವಾಯಿತು. ನೀರು ಹಾಕಿದ ನೆಲದ ತಂಪು, ಆ ಹೊತ್ತಿನ ನಿಶ್ಶಬ್ದ, ಕೆಲಸ ಮುಗಿದ ಮೇಲೆ ಕುಡಿಯುವ ಕಾಫಿ. ಕಾಫಿ ರಂಗೋಲಿಯಾದ ಮೇಲೇ ಎಂಬುದು ನಾನೇ ಮಾಡಿಕೊಂಡ ಕಟ್ಟಳೆ. ಮನೆಯಲ್ಲಿ ಕೂರಲು ಜಾಗವಿಲ್ಲದವನಿಗೆ ಕೊನೆಗೂ ಬಾಗಿಲ ಹೊರಗೆ ಒಂದು ಜಾಗ ಸಿಕ್ಕಿದಂತಾಯಿತು. ಪಾರ್ಕಿನವರಿಗೆ ಗೊತ್ತಾಗಿ ಎರಡು ದಿನ ಕಾಲೆಳೆದರು. ಮೂರನೆಯ ದಿನ ಅವರಲ್ಲೊಬ್ಬರು ಮೆಲ್ಲಗೆ ಪಕ್ಕಕ್ಕೆ ಕರೆದು, ಕುಕ್ಕರುಗಾಲಲ್ಲಿ ಕೂತರೆ ಮಂಡಿ ನೋಯುವುದಿಲ್ಲವೇ ಎಂದು ಕೇಳಿದರು. ಅವರ ಮನೆಯವರೂ ಕಾಶಿಗೆ ಹೋಗಿದ್ದರು.

ಹೆಂಡತಿ ಸಂಜೆ ಫೋನ್ ಮಾಡುತ್ತಿದ್ದಳು. ಮಾತಿನಲ್ಲಿ ನಾನು ಹಿಂದೆ ಕೇಳಿರದ ಒಂದು ಲವಲವಿಕೆ. ಗಂಗೆ ನೋಡಿದೆ, ದೋಣಿಯಲ್ಲಿ ಕೂತೆ, ಕಚೋರಿ ತಿಂದೆ. ಮನೆ ಹೇಗಿದೆ ಎಂದು ಕೇಳುವುದನ್ನು ಒಂದು ದಿನ ಮರೆತೇಬಿಟ್ಟಳು. ಅವತ್ತು ನನಗೆ ಬಹಳ ಸಂತೋಷವಾಯಿತು.

ಎಡವಟ್ಟಾದದ್ದು ಆಮೇಲೆ. ಉಲ್ಲಾಳದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶವಿತ್ತು. ಮುಹೂರ್ತ ಸೂರ್ಯ ಹುಟ್ಟುವ ಮೊದಲು. ಬೆಳಕು ಹರಿಯುವ ಹೊತ್ತಿಗೆ ವಾಪಸು ಬಂದು ರಂಗೋಲಿ ಹಾಕಿದರಾಯಿತು ಎಂದುಕೊಂಡು, ಅಜ್ಜಿಯ ಕುರ್ಚಿ ಇನ್ನೂ ಹೊರಗೆ ಬಂದಿರದ ಹೊತ್ತಿನಲ್ಲೇ ಆಟೋ ಹಿಡಿದು ಹೊರಟೆ. ಫೋನನ್ನು ಚಾರ್ಜಿಗೆ ಹಾಕಿದ್ದವನು ಅದನ್ನು ನಡುಮನೆಯಲ್ಲೇ ಬಿಟ್ಟು ಬಾಗಿಲು ಎಳೆದುಕೊಂಡೆ. ನಮ್ಮದು ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಹೊರಗಿನಿಂದ ನೋಡಿದವರಿಗೆ ಒಳಗೆ ಜನ ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ಹೋಮ ಮುಗಿಯಿತು. ತಿಂಡಿ ತಿಂದು ಹೋಗಿ ಎಂದರು. ತಿಂಡಿ ತಿನ್ನುವಾಗ ಹಳೆಯ ಕಚೇರಿಯವರೆಲ್ಲ ಸಿಕ್ಕರು. ಯಾರ ಪಿಂಚಣಿ ಎಲ್ಲಿ ಸಿಕ್ಕಿಕೊಂಡಿದೆ, ಯಾರ ಮೊಣಕಾಲಿಗೆ ಆಪರೇಷನ್ ಆಗಿದೆ ಎಂಬುದೆಲ್ಲ ಮುಗಿಯುವ ಮಾತೇ? ಅಷ್ಟರಲ್ಲಿ ಒಳಗಿನಿಂದ ಒಬ್ಬಟ್ಟು ಬೇಯುವ ವಾಸನೆ ಬರತೊಡಗಿತು. ಮೊದಲ ಪಂಕ್ತಿಗೆ ಕೂತುಬಿಡುವುದು, ಬೇಗ ಎದ್ದುಬಿಡುವುದು ಎಂದುಕೊಂಡೆ. ಹಾಗೆಯೇ ಮಾಡಿದೆ ಕೂಡ. ಆದರೂ ನಮ್ಮ ಬೀದಿಯ ತಿರುವಿಗೆ ಬಂದಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ನಮ್ಮ ಮನೆಯ ಮುಂದೆ ಜನ. ಅಜ್ಜಿಯ ಪ್ಲಾಸ್ಟಿಕ್ ಕುರ್ಚಿ ನಮ್ಮ ಗೇಟಿನ ಮುಂದಕ್ಕೆ ಬಂದಿತ್ತು. ಅದರ ಜೊತೆಗೆ ಇನ್ನೂ ನಾಲ್ಕು ಕುರ್ಚಿ. ನಮ್ಮ ಬೀದಿಯಲ್ಲಿ ಒಂದು ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಬಿದ್ದಿತೆಂದರೆ ಅರ್ಥ ಒಂದೇ. ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಹಾಗಾದರೆ ಸುದ್ದಿ ಕಾಶಿಯಿಂದಲೇ ಬಂದಿರಬೇಕು. ಗುಂಪಿನ ಹಿಂದೆ ನಿಂತಿದ್ದ, ನಾನು ಎಂದೂ ನೋಡಿರದ ಒಬ್ಬನನ್ನು ಕೇಳಿದೆ.

"ಏನಪ್ಪಾ, ಏನಾಯ್ತು?"

"ಈ ಮನೆ ಯಜಮಾನ್ರಂತೆ ಸಾರ್. ಒಬ್ರೇ ಇದ್ರಂತೆ. ದಿನಾ ಬೆಳಿಗ್ಗೆ ರಂಗೋಲಿ ಹಾಕ್ತಿದ್ರಲ್ಲ, ಅವ್ರು."

ಅವಳಿಗೇನೂ ಆಗಿಲ್ಲ, ಸತ್ತಿರುವವನು ನಾನು ಎಂದು ಅರ್ಥವಾದಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಅವನ ಕೈ ಹಿಡಿದು ಥ್ಯಾಂಕ್ಸ್ ಕೂಡ ಹೇಳಿದೆನೆಂದು ಕಾಣುತ್ತದೆ. ಪಾಪ, ಅವನು ಎರಡು ಹೆಜ್ಜೆ ಹಿಂದೆ ಸರಿದ.

ಗುಂಪು ದಾಟಿ ಮುಂದೆ ಬಂದರೆ ಅಲ್ಲಿನ ನೋಟವೇ ಬೇರೆ. ಬಡಗಿಯೊಬ್ಬ ಬಾಗಿಲ ಹತ್ತಿರ ಉಳಿ ಹಿಡಿದು ನಿಂತಿದ್ದಾನೆ. ಅಜ್ಜಿ ಮೊಮ್ಮಗಳ ಫೋನನ್ನು ಕಿವಿಗೆ ಒತ್ತಿಕೊಂಡು ಯಾರ ಮಾತನ್ನೋ ಕೇಳುತ್ತಿದ್ದಾರೆ. ಮೂಲೆಮನೆಯವರು ನಮ್ಮ ಚಪ್ಪಲಿ ಸ್ಟ್ಯಾಂಡಿನ ಮುಂದೆ ಬಗ್ಗಿ, ಕೆಳಗಿನ ಹಲಗೆಯಿಂದ ಒಂದು ರಟ್ಟಿನ ಡಬ್ಬ ತೆಗೆದು, ಮುಚ್ಚಳ ಬಿಚ್ಚಿ, ತಲೆಕೆಳಗು ಮಾಡಿ ಅಲ್ಲಾಡಿಸಿದರು. ಡಬ್ಬದಿಂದ ಏನೂ ಬೀಳಲಿಲ್ಲ.

"ಖಾಲಿ" ಎಂದರು.

"ಖಾಲಿಯಂತೆ ಕಣವ್ವಾ" ಎಂದು ಅಜ್ಜಿ ಫೋನಿಗೆ ಹೇಳಿದರು. ಆಮೇಲೆ ತಲೆಯೆತ್ತಿದರು. ನಾನು ಅವರ ಕಣ್ಣಿಗೆ ಬಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಅವರನ್ನು ನೋಡಿ ಬಡಗಿ ನೋಡಿದ, ಮೂಲೆಮನೆಯವರು ನೋಡಿದರು. ಬೀದಿಗೆ ಬೀದಿಯೇ ನನ್ನ ಕಂದುಬಣ್ಣದ ಹೊಸ ಚಪ್ಪಲಿಯನ್ನು ನೋಡುತ್ತಾ ನಿಂತಿತು.

ಆದದ್ದು ಇಷ್ಟು. ಬೆಳಿಗ್ಗೆ ಬಾಗಿಲಿಗೆ ನೀರಿಲ್ಲ, ರಂಗೋಲಿಯಿಲ್ಲ. ಹಾಲಿನ ಚೀಲ ಗೇಟಿನಲ್ಲೇ ನೇತಾಡುತ್ತಿದೆ. ಅಜ್ಜಿ ಮೊದಲ ಬಾರಿಗೆ ನನ್ನ ನಂಬರನ್ನು ಬಳಸಿದ್ದಾರೆ. ಫೋನು ಮನೆಯ ಒಳಗೇ ರಿಂಗಾಗಿದೆ. ವಾಕಿಂಗ್ ಶೂ ಸ್ಟ್ಯಾಂಡಿನಲ್ಲಿದೆ, ದಿನಬಳಕೆಯ ಹವಾಯಿ ಚಪ್ಪಲಿಯೂ ಇದೆ. ಅಂದಮೇಲೆ ಮನುಷ್ಯ ಒಳಗಿದ್ದಾನೆ, ಏಳುತ್ತಿಲ್ಲ. ಈ ಸಾಕ್ಷಿಗಳ ಮೇಲೆ ಯಾವ ಕೋರ್ಟಾದರೂ ಅದೇ ತೀರ್ಪು ಕೊಡುತ್ತಿತ್ತು. ನಮ್ಮ ಮಗಳ ನಂಬರು ಅವರಲ್ಲಿ ಇರಲಿಲ್ಲ, ಹಾಗಾಗಿ ಕಾಶಿಗೇ ಫೋನ್ ಹಚ್ಚಿದ್ದಾರೆ. ಅವಳು ಸ್ನಾನಕ್ಕೆ ಇಳಿದಿದ್ದರಿಂದ ಬಹಳ ಹೊತ್ತು ಸಿಗಲಿಲ್ಲ. ಸಿಕ್ಕಾಗ, ಮೂರನೆಯ ಜೊತೆ ಚಪ್ಪಲಿಯ ವಿಷಯ ಹೇಳಿದವಳು ಅವಳೇ. ಅದು ಶುಭಕಾರ್ಯಗಳಿಗೆ ಮಾತ್ರ, ಉಳಿದಂತೆ ಡಬ್ಬದಲ್ಲೇ ಇರುತ್ತದೆ, ಡಬ್ಬ ಖಾಲಿಯಿದ್ದರೆ ಎಲ್ಲೋ ಊಟಕ್ಕೆ ಕೂತಿದ್ದಾರೆ ಎಂದು.

ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟರು. ನನ್ನ ತಲೆಯಲ್ಲಿದ್ದದ್ದು ಒಂದೇ: ಹಂಪಿ ಹೋಯಿತು, ಪಂಢರಾಪುರ ಹೋಯಿತು, ಈಗ ಇದೂ ಹೋಯಿತು.

"ನೀನು ವಾಪಸ್ ಬರ್ಬೇಡ ಕಣೇ" ಎಂದೆ. ಹಲೋ ಎನ್ನಲೂ ಮರೆತಿದ್ದೆ. "ನಂಗೇನೂ ಆಗಿಲ್ಲ. ನೀನು ಬರ್ಬೇಡ."

ಆ ಕಡೆ ದೂರದಲ್ಲಿ ಗಂಟೆ ಬಾರಿಸುತ್ತಿತ್ತು.

"ಒಬ್ಬಟ್ಟು ಎಷ್ಟು ತಿಂದ್ರಿ?"

ಎರಡು ಎಂದೆ. ಎರಡಲ್ಲ ಎಂದಳು. ಹೌದು, ಎರಡಲ್ಲ. ಆಮೇಲೆ ನಾಳೆ ಗಯಾಕ್ಕೆ ಹೊರಡುವುದಿದೆ, ಮಾತ್ರೆ ತಗೊಳ್ಳಿ ಎಂದು ಹೇಳಿ ಇಟ್ಟಳು. ಗಯಾ ಎಂಬ ಹೆಸರು ಕೇಳಿ ನನಗೆ ಅಷ್ಟು ಆನಂದ ಹಿಂದೆಂದೂ ಆಗಿರಲಿಲ್ಲ.

ಫೋನು ಹಿಂದಿರುಗಿಸಿದೆ. ಅಜ್ಜಿಗೆ ಅದುವರೆಗೂ ತಡೆದುಕೊಂಡಿದ್ದ ಅಳು ಬಂತು. ಅಳುತ್ತಲೇ ಬೈದರು. ಒಂದು ಮಾತು ಹೇಳಿ ಹೋಗಬಾರದಾ, ಬೆಳಿಗ್ಗೆಯಿಂದ ನನ್ನ ಗಂಟಲಲ್ಲಿ ಒಂದು ತೊಟ್ಟು ಕಾಫಿ ಇಳಿದಿಲ್ಲ ಎಂದರು. ನಾನು ಒಬ್ಬಟ್ಟಿನ ಪೊಟ್ಟಣವನ್ನು ಮುಂದೆ ಹಿಡಿದೆ. ಮನೆಗೆಂದು ಕಟ್ಟಿಕೊಟ್ಟಿದ್ದರು. ಅವರು ಅದನ್ನು ತೆಗೆದುಕೊಂಡರು. ಆದರೆ ಬಿಡಲಿಲ್ಲ.

"ಮೊದ್ಲು ಬಾಗ್ಲಿಗೆ ನೀರು ಆಕಪ್ಪ. ಎಲ್ಲಾರೂ ನೋಡ್ಲಿ."

ಹೀಗೆ, ಸೂರ್ಯ ನೆತ್ತಿಯ ಮೇಲಿರುವಾಗ, ಪಂಚೆ ಎತ್ತಿಕಟ್ಟಿ, ಬಡಗಿ ಮೊದಲ್ಗೊಂಡು ಇಡೀ ಬೀದಿಯ ಎದುರು ನಾನು ರಂಗೋಲಿ ಹಾಕಿದೆ. ನನಗಾಗಿ ತಂದಿದ್ದ ಕುರ್ಚಿಗಳಲ್ಲಿ ಕೂತೇ ಜನ ನೋಡಿದರು. ಕಚೇರಿಯಲ್ಲಿ ಬರೆದ ನಕ್ಷೆಗಳನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಬಡಗಿ, ಎಡಗಡೆ ಎಳೆ ಸ್ವಲ್ಪ ಸೊಟ್ಟ ಎಂದ. ಅಜ್ಜಿ ಅವನನ್ನು ಸುಮ್ಮನಿರಿಸಿ, ತಾವರೆ ತಾವರೆಯ ಹಾಗೇ ಇದೆ ಎಂದರು.

ಹೆಂಡತಿ ಗಯಾ ಮುಗಿಸಿಕೊಂಡು, ಗಂಗೆಯ ತಂಬಿಗೆ ಹಿಡಿದು, ಬಿಸಿಲಿಗೆ ಮುಖ ಕಪ್ಪಗೆ ಮಾಡಿಕೊಂಡು ಬಂದಳು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಪೂರ್ತಿ ಹೋಗಿ ಪೂರ್ತಿ ಬಂದಿದ್ದಳು. ಅವತ್ತು ನಾನು ಗೇಟಿನಷ್ಟು ಅಗಲದ ತಾವರೆ ಹಾಕಿದ್ದೆ. ಆಟೋ ಇಳಿದವಳು ಅದನ್ನು ನೋಡುತ್ತ ನಿಂತಳು, ತುಳಿಯದೆ ಪಕ್ಕದಿಂದ ಒಳಗೆ ಬಂದಳು. ಚೆನ್ನಾಗಿದೆ ಎನ್ನಲಿಲ್ಲ. ಸಂಜೆಯವರೆಗೂ ಕಾಶಿಯ ಕಥೆಗಳಾದವು. ಬೀದಿಯ ಅರ್ಧ ಹೆಂಗಸರು ನಮ್ಮ ನಡುಮನೆಯಲ್ಲಿದ್ದರು. ನನಗೆ ಮತ್ತೆ ಕೂರಲು ಜಾಗವಿರಲಿಲ್ಲ.

ಎಲ್ಲರೂ ಹೋದ ಮೇಲೆ, ನಾನು ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತಳು. ಅವತ್ತು ಹೆದರಿದೆಯಾ ಎಂದು ನಾನೇ ಕೇಳಿದೆ.

"ಅಜ್ಜಿ ಬೇರೇನೂ ಹೇಳ್ಲಿಲ್ಲ ಕಣ್ರೀ. ನಿಮ್ಮನೆ ಮುಂದೆ ಇವತ್ತು ರಂಗೋಲಿ ಇಲ್ಲ ಕಣವ್ವಾ, ಅಂದ್ರು ಅಷ್ಟೇ. ಅಲ್ಲೇ ಮೆಟ್ಲ ಮೇಲೆ ಕೂತ್ಬಿಟ್ಟೆ. ಚಪ್ಪಲಿ ಜ್ಞಾಪಕ ಬರೋವರೆಗೂ ಕೈಕಾಲೇ ಆಡ್ಲಿಲ್ಲ."

ಪೈಪಿನ ನೀರು ಗಿಡ ಬಿಟ್ಟು ಅಂಗಳಕ್ಕೆ ಹರಿಯುತ್ತಿದ್ದುದನ್ನು ಇಬ್ಬರೂ ಗಮನಿಸಲಿಲ್ಲ.

"ಇನ್ಮೇಲೆ ಎಲ್ಲಿಗೆ ಹೋಗೋದಾದ್ರೂ ಎರಡೆಳೆ ಎಳೆದು ಹೋಗಿ. ತಾವರೆ ಗೀವರೆ ಬೇಡ. ಎರಡೆಳೆ ಸಾಕು."

ಆಗಲಿ ಎಂದೆ. ಅವಳೇ ಕೊಳಾಯಿ ನಿಲ್ಲಿಸಿ ಬಂದು, ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗದಿದ್ದರೆ ಯಾತ್ರೆ ಪೂರ್ತಿಯಾಗುವುದಿಲ್ಲವಂತೆ, ಗಂಗೆಯ ನೀರನ್ನು ಅಲ್ಲಿ ಅಭಿಷೇಕ ಮಾಡಬೇಕಂತೆ ಎಂದು ಶುರುಮಾಡಿದಳು. ಭಜನೆಯವರು ರೈಲಿನಲ್ಲಿ ಬರುವಾಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು.

ಇದನ್ನು ಬರೆಯುತ್ತಿರುವ ಹೊತ್ತಿಗೆ ಅವಳು ರಾಮೇಶ್ವರದಲ್ಲಿದ್ದಾಳೆ. ಇಂದು ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಎದುರಿಗೆ ಕೂತಿದ್ದ ಅಜ್ಜಿ ಕೈಯೆತ್ತಿದರು. ತಾವರೆ ಬರೆದು, ಎರಡೂ ಪಕ್ಕ ಎರಡೆರಡು ಎಳೆ ಎಳೆದು, ಫೋಟೋ ತೆಗೆದು ಕಳಿಸಿದೆ. ಕಾಯುತ್ತಿದ್ದಳೆಂದು ಕಾಣುತ್ತದೆ, ನಾನು ನೆಲದಿಂದ ಏಳುವ ಮೊದಲೇ ಉತ್ತರ ಬಂತು.

"ಎಡಗಡೆ ಸೊಟ್ಟ. ಹೋಗಿ ಕಾಫಿ ಕುಡೀರಿ."

ಕುಡಿದೆ.